ಬೇಕಲದ ಗೋಡೆಯೂ ಕಡಲೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಬರಬೇಕಾದರೆ

ಬೇಕಲ ಕೋಟೆಯ ಮೇಲೆ ನಿಂತು ಎದುರಿನ ಮುರಕಲ್ಲಿನ ಗೋಡೆಯನ್ನೂ ಆಚೆಯ ಕಡಲನ್ನೂ ಒಟ್ಟಿಗೆ ಹಿಡಿಯಬೇಕು ಅಂದುಕೊಳ್ಳಿ. ಕಡಲಿಗೆ ಫೋಕಸ್ ಮಾಡಿದರೆ ಕಲ್ಲಿನ ತೂತುಗಳು ಕರಗಿಹೋಗುತ್ತವೆ, ಕಲ್ಲಿಗೆ ಮಾಡಿದರೆ ದಿಗಂತದ ಗೆರೆ ಮಸುಕಾಗುತ್ತದೆ. ಅಪರ್ಚರನ್ನು, ಅಂದರೆ ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿಯನ್ನು, ಸೀದಾ ಎಫ್/22ಕ್ಕೆ ತಿರುಗಿಸುವುದು ಹಲವರ ಉಪಾಯ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಆಗ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದಾಗಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಫೋಕಸ್ ಎಲ್ಲಿಡಬೇಕೆಂದು ಗೊತ್ತಿದ್ದರೆ ಎಫ್/8 ಧಾರಾಳ.

ಆ ಜಾಗವೇ ಹೈಪರ್‌ಫೋಕಲ್ ದೂರ. ಅಲ್ಲಿಗೆ ಫೋಕಸ್ ಮಾಡಿದರೆ ಅದರ ಅರ್ಧ ದೂರದಿಂದ ಹಿಡಿದು ಅನಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಕಾಣುತ್ತದೆ ಅಷ್ಟೆ. ನಿಜಕ್ಕೂ ಹರಿತವಾಗಿರುವುದು ಫೋಕಸ್ ಮಾಡಿದ ಒಂದೇ ದೂರ. ಉಳಿದೆಡೆಯ ಪ್ರತಿ ಬಿಂದುವೂ ಸೆನ್ಸರ್ ಮೇಲೆ ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಫುಲ್ ಫ್ರೇಮ್‌ನಲ್ಲಿ (ದೊಡ್ಡ ಸೆನ್ಸರಿನ ಕ್ಯಾಮೆರಾ) ಆ ಬಿಲ್ಲೆ 0.03 ಮಿ.ಮೀ., ಎಪಿಎಸ್-ಸಿಯಲ್ಲಿ (ಅದಕ್ಕಿಂತ ಚಿಕ್ಕ ಸೆನ್ಸರಿನದು) 0.02 ಮಿ.ಮೀ. ದಾಟದಿದ್ದರೆ ಕಣ್ಣಿಗೆ ಅದು ಬಿಂದುವೇ.

ಲೆಕ್ಕ ಸುಲಭ. ಫೋಕಲ್ ಲೆಂತ್ ಅನ್ನು (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಳತೆ) ಅದರಿಂದಲೇ ಗುಣಿಸಿ, ಎಫ್ ಸಂಖ್ಯೆಯಿಂದ ಭಾಗಿಸಿ, ಬಿಲ್ಲೆಯ ಅಳತೆಯಿಂದ ಮತ್ತೊಮ್ಮೆ ಭಾಗಿಸಿ. ಕೊನೆಗೆ ಒಂದು ಫೋಕಲ್ ಲೆಂತ್ ಕೂಡಿಸಬೇಕು, ಆದರೆ ಅದು ಒಂದೆರಡು ಸೆಂಟಿಮೀಟರಿನ ಮಾತು. ಎಪಿಎಸ್-ಸಿ ಕ್ಯಾಮೆರಾದಲ್ಲಿ 18 ಮಿ.ಮೀ., ಎಫ್/8 ಇಟ್ಟರೆ: 18 × 18 = 324; 324 ÷ 8 = 40.5, 40.5 ÷ 0.02 = 2025 ಮಿ.ಮೀ. ಅಂದರೆ 2 ಮೀಟರಿಗೆ ಫೋಕಸ್ ಮಾಡಿ. 1 ಮೀಟರಿನಿಂದಾಚೆ ಎಲ್ಲವೂ ಸ್ಪಷ್ಟ. ಎಫ್/11ರಲ್ಲಿ ಇದು ಒಂದೂವರೆ ಮೀಟರಿಗೆ ಇಳಿಯುತ್ತದೆ. ಫುಲ್ ಫ್ರೇಮ್‌ನ 24 ಮಿ.ಮೀ., ಎಫ್/8ಕ್ಕೆ 2.4 ಮೀಟರ್, 35ಕ್ಕೆ 5.1, 50ಕ್ಕೆ 10.5.

ಕ್ಯಾಮೆರಾದ ಜೊತೆಗೇ ಬರುವ ಈಗಿನ ಹೆಚ್ಚಿನ ಕಿಟ್ ಲೆನ್ಸುಗಳಲ್ಲಿ ದೂರದ ಗುರುತುಗಳೇ ಇಲ್ಲವಲ್ಲ, 2 ಮೀಟರ್ ಅಳೆಯುವುದು ಹೇಗೆ? ನಮ್ಮ ಕಡೆಯ ಅಡಿಕೆ ತೋಟವೇ ಅಳತೆಕೋಲು. ಶಿಫಾರಸಿನಂತೆ ನೆಟ್ಟ ತೋಟದಲ್ಲಿ ಮರದಿಂದ ಮರಕ್ಕೆ 2.7 ಮೀಟರ್, ಅಂದರೆ ಒಂಬತ್ತು ಅಡಿ. (ಹಳೆಯ ತೋಟವಾದರೆ ಒಮ್ಮೆ ಟೇಪ್ ಹಿಡಿದು ನೋಡಿಕೊಳ್ಳಿ.) ಒಂದು ಮರದ ಬುಡದಲ್ಲಿ ಟ್ರೈಪಾಡ್ ಇಟ್ಟು ಸಾಲಿನ ಮುಂದಿನ ಮರಕ್ಕೆ ಫೋಕಸ್ ಮಾಡಿದರೆ 18 ಮಿ.ಮೀ.ಗೆ ಅಷ್ಟೇ ಸಾಕು. ಅಳೆಯುವುದು ಲೆನ್ಸಿನ ತುದಿಯಿಂದಲ್ಲ. ಕ್ಯಾಮೆರಾದ ಮೇಲೆ ಸೊನ್ನೆಯ ನಡುವೆ ಗೆರೆ ಎಳೆದ ಗುರುತಿರುತ್ತದೆ, ಸೆನ್ಸರ್ ಇರುವುದು ಅಲ್ಲಿ.

2 ಮೀಟರಿನ ಬದಲು 2.7ಕ್ಕೆ ಇಟ್ಟರೆ ತಪ್ಪಲ್ಲವೇ? ತಪ್ಪೇ, ಆದರೆ ಅಗ್ಗದ ತಪ್ಪು. ಹತ್ತಿರದ ಮಿತಿ 1 ಮೀಟರಿನಿಂದ 1.16ಕ್ಕೆ ಸರಿಯುತ್ತದೆ, ದೂರಕ್ಕೆ ಏನೂ ಆಗುವುದಿಲ್ಲ. ಅದೇ 1.7ಕ್ಕೆ ಇಟ್ಟಿರೋ, ಸುಮಾರು 10 ಮೀಟರಿನಾಚೆಯ ಕಂಗೆಲ್ಲ (ಅಡಿಕೆ ಮರಗಳೆಲ್ಲ) ಮಸುಕು. ಬರೀ 30 ಸೆಂಟಿಮೀಟರಿಗೆ ಇಷ್ಟು ದಂಡ. ಹಾಗಾಗಿ ಅನುಮಾನ ಬಂದರೆ ಫೋಕಸ್ ಯಾವಾಗಲೂ ಆಚೆಗೇ ಇರಲಿ.

ಮೊದಲು ಜೂಮ್ ನಿಲ್ಲಿಸಿ, ಆಮೇಲೆ ಆ ದೂರದಲ್ಲಿರುವ ಯಾವುದಾದರೂ ವಸ್ತುವಿಗೆ ಆಟೋಫೋಕಸ್ ಮಾಡಿ, ತಕ್ಷಣ ಮ್ಯಾನುವಲ್‌ಗೆ ಹಾಕಿ. ಇದನ್ನು ಮರೆತರೆ ಶಟರ್ ಒತ್ತುವಾಗ ಕ್ಯಾಮೆರಾ ಮತ್ತೆ ಕಡಲನ್ನೇ ಹುಡುಕುತ್ತದೆ. ಫೋಕಸ್ ಆದ ಮೇಲೆ ಜೂಮ್ ತಿರುಗಿಸಿದರೆ ಹೆಚ್ಚಿನ ಲೆನ್ಸುಗಳಲ್ಲಿ ಫೋಕಸ್ ಜಾರುತ್ತದೆ, ಲೆಕ್ಕವೂ ಬದಲಾಗುತ್ತದೆ. ಲೈವ್ ವ್ಯೂ ಹಿಗ್ಗಿಸಿ ಮೊದಲು ದಿಗಂತ, ಆಮೇಲೆ ಗೋಡೆ ನೋಡಿ. ಸೋಗೆ ಮಾತ್ರ ಮಸುಕಾಗಿದ್ದರೆ ಅದು ಗಾಳಿಯ ಕೆಲಸ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ಶಟರ್ ವೇಗ ಹೆಚ್ಚಿಸಿ.

0.02, 0.03ರ ಲೆಕ್ಕ ಸಾಧಾರಣ 8×10 ಇಂಚಿನ ಪ್ರಿಂಟನ್ನು ಕೈಯಲ್ಲಿ ಹಿಡಿದು ನೋಡುವವರಿಗೆ. ಗೋಡೆಯಗಲದ ಪ್ರಿಂಟ್ ಮಾಡಿಸಿ ಹತ್ತಿರದಿಂದಲೇ ನೋಡುವುದಿದ್ದರೆ ಬಿಲ್ಲೆಯ ಅಳತೆ ಅರ್ಧ ಮಾಡಿ; 2 ಮೀಟರ್ ಇದ್ದದ್ದು 4 ಆಗುತ್ತದೆ.

ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿಗೆ ಈ ಉಪಾಯ ದಂಡ: ಎಪಿಎಸ್-ಸಿಯಲ್ಲಿ 200 ಮಿ.ಮೀ., ಎಫ್/8ಕ್ಕೆ 250 ಮೀಟರ್. ರಾತ್ರಿಯ ಯಕ್ಷಗಾನಕ್ಕೂ ಇದು ಆಗದು. ಅದೇ ಎಪಿಎಸ್-ಸಿಯಲ್ಲಿ 50 ಮಿ.ಮೀ., ಎಫ್/1.8 ಇಟ್ಟರೆ 3 ಮೀಟರ್ ದೂರದ ವೇಷಕ್ಕೆ ಸಿಗುವ ಆಳ, ಅಂದರೆ ಸ್ಪಷ್ಟವಾಗಿ ಕಾಣುವ ವಲಯ, ಬರೀ 26 ಸೆಂಟಿಮೀಟರ್. ಕಣ್ಣು ಹರಿತ, ಮುಂದೆ ಚಾಚಿದ ಕೈ ಮಸುಕು. ಎಫ್/4ಕ್ಕೆ ಇಳಿಸಿದರೆ 58 ಸೆಂಟಿಮೀಟರ್ ಆಗುತ್ತದೆ. ಅಷ್ಟಕ್ಕೆ ರಂಗಸ್ಥಳದ ಬೆಳಕು ಸಾಲದಿದ್ದರೆ ಕಣ್ಣಿಗೇ ಫೋಕಸ್ ಇಟ್ಟು, ಕೈ ದೇಹದ ಹತ್ತಿರ ಬರುವವರೆಗೆ ಕಾಯಿರಿ.