ಮಸುಕಾದ ಗುರು: ಹೊಸ ದೂರದರ್ಶಕವನ್ನು ಸರಿಪಡಿಸಿಕೊಂಡ ನನ್ನ ಅನುಭವ

2024ರ ಡಿಸೆಂಬರ್ 7ರಂದು ಗುರುಗ್ರಹವು ಸೂರ್ಯನಿಗೆ ನೇರ ಎದುರಾಗಿ ಬರುವುದಿತ್ತು. ರೋಹಿಣಿ ನಕ್ಷತ್ರದ ಬಳಿಯಿದ್ದ ಅದು ಉಡುಪಿಯಲ್ಲಿ ನಡುರಾತ್ರಿಯ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಿತ್ತು. ಆ ದಿನಗಳಿಗೆಂದೇ ನಾನು 114 ಮಿ.ಮೀ. ಕನ್ನಡಿಯ, 900 ಮಿ.ಮೀ. ನಾಭಿದೂರದ ಪ್ರತಿಫಲನ ದೂರದರ್ಶಕವೊಂದನ್ನು ತರಿಸಿಕೊಂಡಿದ್ದೆ. ಆದರೆ ಮೊದಲ ಒಂದು ವಾರ ಅದರಲ್ಲಿ ಕಂಡದ್ದು ಹಾಲಿನಲ್ಲಿ ಅದ್ದಿದಂತಹ ಒಂದು ಉರುಟು ಬೆಳಕು ಮಾತ್ರ; ಗುರುವಿನ ಪಟ್ಟಿಗಳ ಸುಳಿವೇ ಇರಲಿಲ್ಲ.

ಟಾರ್ಚ್ ಹಿಡಿದು ನೋಡಿದಾಗ ಮುಖ್ಯ ಕನ್ನಡಿಯ ಮೇಲೆ ಧೂಳಿನ ಕಣಗಳು ಕಂಡವು. ದೋಷ ಅದರದ್ದೇ ಎಂದು ತೀರ್ಮಾನಿಸಿ ತೊಳೆಯಲು ಹೊರಟಿದ್ದೆ. ಅನೇಕ ವರ್ಷಗಳಿಂದ ಆಕಾಶ ನೋಡುತ್ತಿರುವ ಪರಿಚಯದ ಹಿರಿಯರೊಬ್ಬರು ಫೋನಿನಲ್ಲಿ ತಡೆದರು: "ತೊಳೆಯುವುದು ಕಡೆಗಿರಲಿ ಮಾರಾಯರೇ, ಮೊದಲು ಒಂದು ನಕ್ಷತ್ರವನ್ನು ಸ್ವಲ್ಪ ಫೋಕಸ್ ತಪ್ಪಿಸಿ ನೋಡಿ." ಕನ್ನಡಿಯ ಮೇಲಿನ ಅಲ್ಯೂಮಿನಿಯಂ ಲೇಪ ಬಹಳ ತೆಳುವಾದದ್ದು, ಒರೆಸಿದರೆ ಗೀರು ಬೀಳುತ್ತದೆ, ಅಷ್ಟಿಷ್ಟು ಧೂಳು ಚಿತ್ರವನ್ನು ಕಾಣುವಷ್ಟು ಕೆಡಿಸುವುದೂ ಇಲ್ಲ.

ಅವರು ಹೇಳಿದ ಪರೀಕ್ಷೆಗೆ ಮೊದಲು ನಾನು ವರ್ಧನೆಯನ್ನು ಇಳಿಸಿದೆ. ಪೆಟ್ಟಿಗೆಯ ಮೇಲೆ 450 ಪಟ್ಟು ಎಂದು ದೊಡ್ಡದಾಗಿ ಅಚ್ಚಾಗಿತ್ತು; 4 ಮಿ.ಮೀ. ಐಪೀಸಿಗೆ (ಕಣ್ಣಿಟ್ಟು ನೋಡುವ ಲೆನ್ಸಿಗೆ) ಬಾರ್ಲೋ, ಅಂದರೆ ವರ್ಧನೆಯನ್ನು ಎರಡು ಪಟ್ಟು ಮಾಡುವ ಲೆನ್ಸ್, ಸೇರಿಸಿದರೆ ಲೆಕ್ಕಕ್ಕೆ ಅಷ್ಟಾಗುತ್ತದೆ ನಿಜ. ಆದರೆ ಕನ್ನಡಿಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು, ಅಂದರೆ ನನ್ನದಕ್ಕೆ ಸುಮಾರು 228 ಪಟ್ಟು, ಅದರ ಮೇಲುಮಿತಿ; ಗಾಳಿ ಕದಡಿದ ರಾತ್ರಿಗಳಲ್ಲಿ ಅದೂ ಒದಗುವುದಿಲ್ಲ. 10 ಮಿ.ಮೀ. ಐಪೀಸಿನ 90 ಪಟ್ಟಿಗೆ ಇಳಿದಾಗ ಗುರು ಚಿಕ್ಕದಾಯಿತು, ಅಂಚು ತುಸು ಗಟ್ಟಿಯಾಯಿತು, ಆದರೂ ನೀರಿನ ತಳದಲ್ಲಿದ್ದಂತೆ ತುಳುಕುತ್ತಲೇ ಇತ್ತು.

ತುಳುಕಾಟಕ್ಕೆ ಕಾರಣ ನಾನು ನಿಂತ ಜಾಗ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟ್ ತಾರಸಿ ರಾತ್ರಿ ಹತ್ತು ದಾಟಿದರೂ ಕಾಲಿಗೆ ಬೆಚ್ಚಗಿರುತ್ತಿತ್ತು, ಆ ಶಾಖದಿಂದ ಮೇಲೇಳುವ ಗಾಳಿಯ ಮೂಲಕವೇ ನಾನು ನೋಡುತ್ತಿದ್ದೆ. ದೂರದರ್ಶಕವನ್ನು ಅಂಗಳದ ಹುಲ್ಲಿನ ಮೇಲಿಟ್ಟು, ಮುಕ್ಕಾಲು ಗಂಟೆ ಹಾಗೆಯೇ ಬಿಟ್ಟು ನೋಡಿದಾಗ ಕಂಪನ ಬಹುಮಟ್ಟಿಗೆ ಇಳಿಯಿತು. ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು: ಎ.ಸಿ. ಕೋಣೆಯಿಂದ ನೇರವಾಗಿ ಹೊರತಂದರೆ ತಣ್ಣಗಿರುವ ಗಾಜಿನ ಮೇಲೆ ತೇವ ಕೂಡಲೇ ಮುಸುಕುತ್ತದೆ. ಅದು ತಾನಾಗಿ ಆರುವವರೆಗೆ ಕಾಯಬೇಕು, ಒರೆಸಬಾರದು.

ಆ ಬಳಿಕ ನಕ್ಷತ್ರ ಪರೀಕ್ಷೆ. ಹೆಚ್ಚು ಅಲುಗದಿರುವ ಕಾರಣಕ್ಕೆ ಇದಕ್ಕೆ ಧ್ರುವ ನಕ್ಷತ್ರವನ್ನು ಆರಿಸಿಕೊಳ್ಳುವ ರೂಢಿಯಿದೆ. ಉಡುಪಿಯಲ್ಲಿ ಧ್ರುವವು ದಿಗಂತದಿಂದ ಸುಮಾರು 13 ಡಿಗ್ರಿ ಮಾತ್ರ ಮೇಲಿರುತ್ತದೆ. ತೆಂಗಿನ ಗರಿಗಳ ಮರೆ ತಪ್ಪಿದರೂ ಅದರ ಬೆಳಕು ನೆತ್ತಿಯ ನಕ್ಷತ್ರದ ಬೆಳಕಿಗಿಂತ ನಾಲ್ಕು ಪಟ್ಟು ಹೆಚ್ಚು ಗಾಳಿಯನ್ನು ಹಾದು ಬರಬೇಕು. ಆದ್ದರಿಂದ ನಾನು ರೋಹಿಣಿಯನ್ನೇ ಹಿಡಿದೆ. ಫೋಕಸ್ ತುಸು ತಪ್ಪಿಸಿದಾಗ ಒಂದರೊಳಗೊಂದು ಉಂಗುರಗಳು, ಅವುಗಳ ನಡುವೆ, ಬೆಳಕನ್ನು ಐಪೀಸಿನತ್ತ ತಿರುಗಿಸುವ ಕಿರುಗನ್ನಡಿಯ ಕಪ್ಪು ನೆರಳು ಕಾಣಬೇಕು. ನನ್ನದರಲ್ಲಿ ನೆರಳು ಒಂದು ಬದಿಗೆ ವಾಲಿತ್ತು, ಉಂಗುರಗಳು ಉರುಟಾಗಿರದೆ ಮೂರು ಮೂಲೆಗಳಾಗಿದ್ದವು. ಒಂದಲ್ಲ, ಎರಡು ದೋಷಗಳು.

ಮೂರು ಮೂಲೆಗಳ ಗುಟ್ಟು ಮುಖ್ಯ ಕನ್ನಡಿಯನ್ನು ಹಿಡಿದ ಮೂರು ಕ್ಲಿಪ್ಪುಗಳಲ್ಲಿತ್ತು. ಅವುಗಳನ್ನು ವಿಪರೀತ ಬಿಗಿದಿದ್ದರಿಂದ ಗಾಜು ಅತಿ ಸೂಕ್ಷ್ಮವಾಗಿ ಬಾಗಿತ್ತು. ಕನ್ನಡಿಯ ತಟ್ಟೆ ಕೊಳವೆಯಲ್ಲಿ ಯಾವ ದಿಕ್ಕಿಗಿತ್ತೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಹೊರತೆಗೆದು, ಕ್ಲಿಪ್ಪಿಗೂ ಗಾಜಿಗೂ ನಡುವೆ ಒಂದು ತೆಳು ಕಾಗದ ಜಾರುವಷ್ಟು ಸಡಿಲಿಸಿದೆ.

ನೆರಳಿನ ವಾಲುವಿಕೆ ಕನ್ನಡಿಗಳ ಹೊಂದಾಣಿಕೆಯ ಪ್ರಶ್ನೆ. ಹಳೆಯ ಫಿಲ್ಮ್ ರೋಲಿನ ಡಬ್ಬಿಯ ಮುಚ್ಚಳದ ನಟ್ಟನಡುವೆ ತೂತು ಕೊರೆದು ಐಪೀಸಿನ ಜಾಗದಲ್ಲಿ ಹಿಡಿದು ನೋಡಿದೆ. ಮೊದಲು ಕಿರುಗನ್ನಡಿಯ ಮೂರು ತಿರುಪುಗಳನ್ನು ತಿರುಗಿಸಿ, ಮುಖ್ಯ ಕನ್ನಡಿಯ ಮೂರೂ ಕ್ಲಿಪ್ಪುಗಳು ಅದರಲ್ಲಿ ಸಮನಾಗಿ ಕಾಣುವಂತೆ ಮಾಡಿಕೊಂಡೆ. ನಂತರ ಕೊಳವೆಯ ಬುಡದ ತಿರುಪುಗಳಿಂದ ಕಿರುಗನ್ನಡಿಯ ಪ್ರತಿಬಿಂಬವನ್ನು ನಡುವಿಗೆ ತಂದೆ. ಕೊನೆಯ ತಿದ್ದುಪಡಿ ನಕ್ಷತ್ರದ ಮೇಲೆಯೇ ನಡೆಯಬೇಕು. ಪ್ರತಿ ತಿರುವಿಗೂ ನಕ್ಷತ್ರ ಪಕ್ಕಕ್ಕೆ ಸರಿಯುತ್ತದೆ, ಅದನ್ನು ಮತ್ತೆ ನಡುವಿಗೆ ತಂದ ಮೇಲಷ್ಟೇ ಉಂಗುರಗಳನ್ನು ನಂಬಬೇಕು. ಮೊದಲ ಸಲ ನನಗೆ ಎರಡು ಗಂಟೆ ಹಿಡಿಯಿತು, ಈಗ ಹತ್ತು ನಿಮಿಷ ಸಾಕು. ಕೊಳವೆ ಅರ್ಧ ಮೀಟರಿನಷ್ಟೇ ಇದ್ದು ನಾಭಿದೂರ 1000 ಮಿ.ಮೀ. ಎಂದು ಬರೆದಿರುವ ಮಾದರಿಗಳಲ್ಲಿ ಫೋಕಸರಿನೊಳಗೆ (ಐಪೀಸನ್ನು ಹಿಡಿದಿರುವ ಭಾಗದೊಳಗೆ) ಇನ್ನೊಂದು ಲೆನ್ಸ್ ಕೂರಿಸಿರುತ್ತಾರೆ. ಅವುಗಳ ಹೊಂದಾಣಿಕೆ ಇಷ್ಟು ಸುಲಭವಲ್ಲವಾದ್ದರಿಂದ ಹೊಸಬರು ಅವನ್ನು ಕೊಳ್ಳದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಮರುರಾತ್ರಿ 90 ಪಟ್ಟಿನಲ್ಲಿ ಗುರುವಿನ ಎರಡು ಕಂದು ಪಟ್ಟಿಗಳು ಸ್ಪಷ್ಟವಾಗಿ ಕಂಡವು, ಚಂದ್ರರು ಸೂಜಿಮೊನೆಯ ಚುಕ್ಕೆಗಳಾಗಿದ್ದರು. ಬಾರ್ಲೋ ಹಾಕಿ 180ಕ್ಕೆ ಏರಿಸಿದಾಗಲೂ, ಗಾಳಿ ನಿಂತ ಕೆಲವು ಕ್ಷಣಗಳಲ್ಲಿ ಪಟ್ಟಿಗಳ ಅಂಚು ಏರುಪೇರಾಗಿರುವುದು ತಿಳಿಯುತ್ತಿತ್ತು.

ಮಳೆಗಾಲದ ಚಿಂತೆಯೊಂದು ಉಳಿದಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಲೆನ್ಸುಗಳಿಗೆ ಬೂಷ್ಟು ಹಿಡಿಯುತ್ತದೆ, ಹಿಡಿದರೆ ಲೇಪವನ್ನೇ ತಿನ್ನುತ್ತದೆ. ಐಪೀಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆಗಿಟ್ಟಿದ್ದೇನೆ. ಅದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುತ್ತೇನೆ. ಕೊಳವೆಯ ಎರಡೂ ಬಾಯಿಗಳನ್ನು, ಒಳಗೊಂದು ಪೊಟ್ಟಣ ಇಟ್ಟು, ಮುಚ್ಚಿದ್ದೇನೆ. ಕನ್ನಡಿಯನ್ನು ಇದುವರೆಗೆ ತೊಳೆದಿಲ್ಲ.