ಫ್ಲ್ಯಾಗ್ ಹಾಕಲು ಮರೆತರೆ ಏನಾಗುತ್ತದೆ?

ನಮ್ಮ ಪ್ರಾಡಕ್ಟ್ ಇನ್ನೂ ಲಿನಕ್ಸ್ ಕರ್ನಲ್ 5.10ರ ಮೇಲೇ ಓಡುತ್ತಿದೆ. ಆರ್ಮ್ ಚಿಪ್ಪಿನ ಮೆಮೊರಿ ಟ್ಯಾಗಿಂಗ್, ಅಂದರೆ ಎಂಟಿಇ, ಯೂಸರ್ ಪ್ರೋಗ್ರಾಂಗಳಿಗೆ ಸಿಕ್ಕಿದ್ದು ಆ ಕರ್ನಲ್‌ನಲ್ಲೇ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಚೀಲದ ಮೇಲೊಂದು ನಂಬರ್, ಕೈಯ ಚೀಟಿಯಲ್ಲೊಂದು ನಂಬರ್ ಇರುತ್ತದಲ್ಲ, ಹಾಗೇ ಇದು. ಪ್ರತಿ 16 ಬೈಟಿಗೆ 4 ಬಿಟ್ಟಿನ ಟ್ಯಾಗ್, ಮೆಮೊರಿಯ ವಿಳಾಸ ಹಿಡಿದ ಪಾಯಿಂಟರಿನ ಮೇಲ್ತುದಿಯಲ್ಲೂ ಒಂದು ಟ್ಯಾಗ್. ಎರಡೂ ತಾಳೆಯಾಗದಿದ್ದರೆ ಹಾರ್ಡ್‌ವೇರೇ ಪತ್ತೆ ಹಚ್ಚುತ್ತದೆ.

5.10ರಲ್ಲಿ ಪ್ರೋಗ್ರಾಂಗೆ ಕೊಟ್ಟ ಪೇಜನ್ನು, ಅಂದರೆ ಮೆಮೊರಿಯ ತುಂಡನ್ನು, ಮೊದಲು ಸೊನ್ನೆ ಮಾಡುತ್ತಾರೆ. ಆಮೇಲೆ ಯಾವ ವಿಳಾಸಕ್ಕೆ ಯಾವ ಪೇಜ್ ಅಂತ ಬರೆದಿಡುವ ಪೇಜ್ ಟೇಬಲಿಗೆ ಸೇರಿಸುವಾಗ ಟ್ಯಾಗುಗಳನ್ನು ಇನ್ನೊಂದು ಸುತ್ತಿನಲ್ಲಿ ಸೊನ್ನೆ ಮಾಡುತ್ತಾರೆ. ಎರಡನ್ನೂ ಒಟ್ಟಿಗೇ ಮುಗಿಸುವ ಇನ್‌ಸ್ಟ್ರಕ್ಷನ್ ಚಿಪ್ಪಿನಲ್ಲೇ ಇದೆ. ಮೇನ್‌ಲೈನ್‌ನಲ್ಲಿ, ಅಂದರೆ ಮೂಲ ಲಿನಕ್ಸ್‌ನಲ್ಲಿ, 5.14ಕ್ಕೆ ಇದಕ್ಕಾಗಿ ಝೀರೋಟ್ಯಾಗ್ಸ್ ಅನ್ನುವ ಫ್ಲ್ಯಾಗ್ ಬಂತು. ಫ್ಲ್ಯಾಗ್ ಅಂದರೆ ಪೇಜ್ ಕೇಳುವಾಗ ಅದು ಹೇಗಿರಬೇಕು ಅಂತ ತಿಳಿಸುವ ಒಂದು ಬಿಟ್ಟಿನ ಸೂಚನೆ. ನಮ್ಮ ಟ್ರೀಯಲ್ಲಿ, ಅಂದರೆ ನಮ್ಮದೇ ಕರ್ನಲ್ ಕೋಡಿನಲ್ಲಿ, ಪೇಜ್ ಹಂಚುವ ಅಲೋಕೇಟರನ್ನು ಸಿಕ್ಕಾಪಟ್ಟೆ ತಿದ್ದಿದ್ದರಿಂದ ಆ ಪ್ಯಾಚ್ ಹಾಗೇ ಕೂರಲಿಲ್ಲ. ಆ ಮಳೆಗಾಲ ತೀರ್ಥಹಳ್ಳಿಯ ಮನೆಯಿಂದಲೇ ನಮಗೆ ಹೊಂದುವ ಫ್ಲ್ಯಾಗ್ ಬರೆಯಲು ಕೂತೆ.

ಶಿವಮೊಗ್ಗದಲ್ಲಿರುವ ಗೆಳೆಯನೇ ರಿವ್ಯೂ ಮಾಡುವವನು. ಅವನ ಮೊದಲ ಮಾತು: "ಎಲ್ಲಾ ಪೇಜಿಗೂ ಟ್ಯಾಗ್ ಸೊನ್ನೆ ಮಾಡಿಬಿಡು ಮಾರಾಯ, ಫ್ಲ್ಯಾಗ್ ಯಾಕೆ?"

ಕೇಳಲು ಸರಿಯೇ. ಆದರೆ ಟ್ಯಾಗ್ ಇದೆ ಅಂತ ಒಮ್ಮೆ ಗುರುತು ಬಿದ್ದ ಪೇಜಿನ ಖರ್ಚು ಅಲ್ಲಿಗೇ ಮುಗಿಯುವುದಿಲ್ಲ. ನಕಲು ಮಾಡುವಾಗ ಟ್ಯಾಗನ್ನೂ ನಕಲು ಮಾಡಬೇಕು. ಸ್ವಾಪ್‌ಗೆ, ಅಂದರೆ ಮೆಮೊರಿಯಿಂದ ಡಿಸ್ಕಿಗೆ, ಹೋದರೆ 4 ಕೆಬಿ ಪೇಜಿಗೆ 128 ಬೈಟ್ ಟ್ಯಾಗನ್ನು ಬೇರೆ ಎತ್ತಿಡಬೇಕು. ಎಂಟಿಇ ಕೇಳದ ಪ್ರೋಗ್ರಾಂಗಳ ಮೇಲೆ ಸುಮ್ನೆ ಈ ಭಾರ ಯಾಕೆ? ಮತ್ತೆ, ಪೇಜ್ ಯಾರಿಗೆ ಅನ್ನುವುದು ಅಲೋಕೇಟರಿಗೆ ಗೊತ್ತಿರುವುದಿಲ್ಲ. ಇನ್ನೂ ಪೇಜ್ ಸಿಗದ ವಿಳಾಸವನ್ನು ಪ್ರೋಗ್ರಾಂ ಮುಟ್ಟಿದಾಗ ಬರುವ ಪೇಜ್ ಫಾಲ್ಟನ್ನು ನೋಡಿಕೊಳ್ಳುವ ಕೋಡಿಗೆ ಮಾತ್ರ ಗೊತ್ತು. ಅದು ತನಗೆ ಗೊತ್ತಿರುವುದನ್ನು ಕೆಳಗೆ ದಾಟಿಸಲು ಇರುವ ದಾರಿಯೇ ಫ್ಲ್ಯಾಗ್.

ಪ್ರತಿ ಫ್ಲ್ಯಾಗಿಗೂ ನಾನು ಕೇಳುವ ಪ್ರಶ್ನೆ ಒಂದೇ: ಹಾಕಲು ಮರೆತರೆ ಏನಾಗುತ್ತದೆ? ನಿಧಾನವಾದರೆ ಪರವಾಗಿಲ್ಲ. ಹಳೆಯ ಟ್ಯಾಗ್ ಯೂಸರ್ ಕೈಗೆ ಹೋಗುವಂತಿದ್ದರೆ ಆ ಡಿಸೈನೇ ಬೇಡ. ಅದಕ್ಕೇ ಪೇಜ್ ಟೇಬಲ್ ಹಂತದ ಹಳೆಯ ತಪಾಸಣೆಯನ್ನು ಮುಟ್ಟಲಿಲ್ಲ. ಗುರುತು ಬಿದ್ದಿರದ ಪೇಜ್ ಬಂದರೆ ಅಲ್ಲಿ ಟ್ಯಾಗ್ ಸೊನ್ನೆಯಾಗುತ್ತದೆ. ಗುರುತು ಇದ್ದರೆ ಮುಂದೆ ಹೋಗುತ್ತದೆ. ಫ್ಲ್ಯಾಗ್ ಇರುವುದು ವೇಗಕ್ಕೆ ಅಷ್ಟೇ.

ಮೇನ್‌ಲೈನ್‌ನಲ್ಲಿ "ಸ್ಕಿಪ್" ಅಂತ ಶುರುವಾಗುವ ಫ್ಲ್ಯಾಗುಗಳೂ ಇವೆ. ಓದುವಾಗ ತಲೆ ತಿರುಗುತ್ತದೆ, ನನಗಂತೂ ಇಷ್ಟವಿಲ್ಲ. ಆದರೂ ನನ್ನ ಪ್ರಶ್ನೆಗೆ ಅವು ಪಾಸ್. ಕರ್ನಲ್ ತನಗಾಗಿ ಮೆಮೊರಿ ಪಡೆಯುವ ವಿಮ್ಯಾಲಕ್ ತನ್ನ ಪೇಜುಗಳಿಗೆ ತಾನೇ ಟ್ಯಾಗ್ ಹಾಕಿಕೊಳ್ಳುತ್ತದೆ, ಆದ್ದರಿಂದ ಅಲೋಕೇಟರಿಗೆ ಬೇಡ ಅನ್ನುತ್ತದೆ. ಹೇಳಲು ಮರೆತರೆ ಕೆಲಸ ಎರಡು ಸಲ ಆಗುತ್ತದೆ, ಅಷ್ಟೇ.

ಬಿಟ್ಟುಗಳಿಗೂ ಬರಗಾಲ. ಅಲೋಕೇಟರಿಗೆ ಕೊಡುವ ಈ ಫ್ಲ್ಯಾಗುಗಳಿಗೆ (ಜಿಎಫ್‌ಪಿ ಅನ್ನುತ್ತಾರೆ) ಒಟ್ಟು ಇರುವುದು 32 ಬಿಟ್, ಅದರಲ್ಲಿ ಬಹುಪಾಲು ಆಗಲೇ ಖರ್ಚಾಗಿದೆ. ಎಂಟಿಇ ಇಲ್ಲದ ಬಿಲ್ಡಿನಲ್ಲಿ ನಮ್ಮ ಫ್ಲ್ಯಾಗಿನ ವ್ಯಾಲ್ಯೂ ಸೊನ್ನೆ ಅಂತಲೇ ಇಟ್ಟೆ. ಬಿಟ್ ಉಳಿಯಿತು, ಕರೆಯುವ ಕಡೆಯೆಲ್ಲ ಇಫ್‌ಡೆಫ್ (ಬಿಲ್ಡಿಗೆ ತಕ್ಕಂತೆ ಕೋಡ್ ಸೇರಿಸುವ ಷರತ್ತು) ತುರುಕುವುದೂ ತಪ್ಪಿತು.

ಟೆಸ್ಟ್ ಮಾಡಿದ್ದು ಕ್ಯೂಇಎಂಯುನಲ್ಲಿ, ಅಂದರೆ ಬೇರೆ ಚಿಪ್ಪನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಎಮ್ಯುಲೇಟರಿನಲ್ಲಿ. ಅದರ ವರ್ಚ್ ಅನ್ನುವ ಮೆಷಿನ್‌ಗೆ ಎಂಟಿಇ ಬಲ್ಲ ಸಿಪಿಯು ಕೊಟ್ಟು ಎಂಟಿಇ ಆನ್ ಮಾಡಿದರೆ ಸಾಕು. ನೆಟ್ ಇಲ್ಲದಿದ್ದರೂ ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ನಡೆಯುತ್ತದೆ. ವೇಗ ಅಳೆಯಲು ಮಾತ್ರ ಅದು ಉಪಯೋಗಕ್ಕೆ ಬಾರದು, ಅದಕ್ಕೆ ನಿಜವಾದ ಬೋರ್ಡೇ ಬೇಕು.

ಒಂದು ಟೆಸ್ಟ್ ಮಾತ್ರ ಬಿಡಲೇಬಾರದು. ಮೊದಲು ಎಂಟಿಇ ಇಲ್ಲದೆ ಮೆಮೊರಿ ಮ್ಯಾಪ್ ಮಾಡಿ ಬರೆಯಬೇಕು, ಆಮೇಲೆ ಮೆಮೊರಿಯ ಅನುಮತಿ ಬದಲಿಸುವ ಎಂಪ್ರೊಟೆಕ್ಟ್ ಕಾಲ್‌ನಿಂದ ಎಂಟಿಇ ಆನ್ ಮಾಡಿ ಟ್ಯಾಗ್ ಓದಬೇಕು. ಈ ಪೇಜ್ ಫ್ಲ್ಯಾಗ್ ಇಲ್ಲದೆಯೇ ಹುಟ್ಟಿದ್ದು. ಆದರೂ ಬರಬೇಕಾದ್ದು ಸೊನ್ನೆಯೇ. ಇದನ್ನು ನಮ್ಮ ಪ್ಯಾಚ್ ಇರುವ ಬಿಲ್ಡಿನಲ್ಲೂ ಇಲ್ಲದ ಬಿಲ್ಡಿನಲ್ಲೂ ಓಡಿಸುತ್ತೇನೆ. ಉತ್ತರ ಬೇರೆ ಬೇರೆ ಬಂದರೆ ಪ್ಯಾಚ್ ಒಳಗೆ ಹೋಗುವುದಿಲ್ಲ.