ಚಿತ್ರಪುಸ್ತಕ ಹಿಡ್ಕೊಂಡು ಟೀಚರ್‌ಗಳಿಗೆ ಟ್ರೈನಿಂಗ್ ಕೊಡುದು ಹೇಗೆ?

ವಲಸೆ ಬಂದ ಮಕ್ಕಳ ಕತೆಪುಸ್ತಕ ಇಟ್ಕೊಂಡು 'ಸಾಮಾಜಿಕ ಭಾವನಾತ್ಮಕ ಕಲಿಕೆ' ಅಂತ ಟೀಚರ್‌ಗಳಿಗೆ ಟ್ರೈನಿಂಗ್ ಕೊಡುದನ್ನು ನಮ್ಮ ಕಾಸರಗೋಡಲ್ಲಿ ನಾನು ನೋಡಿದ್ದು ಹೆಚ್ಚುಕಮ್ಮಿ ಒಂದೇ ಥರ. ಬೆಳಿಗ್ಗೆ ಪಿಪಿಟಿ, ತನ್ನ ಅರಿವು, ತನ್ನ ಮೇಲೆ ಹಿಡಿತ, ಬೇರೆಯವರ ಅರಿವು, ಸಂಬಂಧ, ಜವಾಬ್ದಾರಿಯ ತೀರ್ಮಾನ ಅಂತ ಅಮೆರಿಕದ ಕ್ಯಾಸೆಲ್ ಸಂಸ್ಥೆಯ ಐದು ಪಾಯಿಂಟ್ ಓದುದು, ಚಾ ಕುಡಿಯುದು, ಪುಸ್ತಕ ಗಡಗಡ ಓದಿ 'ಇದರ ನೀತಿ ಎಂತ?' ಅಂತ ಕೇಳುದು. 'ಎಲ್ಲರನ್ನೂ ಪ್ರೀತಿಸ್ಬೇಕು ಸರ್' ಅಂತ ಮೂವತ್ತು ಜನ ರಾಗವಾಗಿ ಹೇಳ್ತಾರೆ. ಮರುದಿನ ಅದೇ ಟೀಚರ್ ಒಡಿಶಾದ ಹುಡುಗನನ್ನು 'ಏ ಬಂಗಾಳಿ, ಇಲ್ಲಿ ಬಾ' ಅಂತ ಕರೀತಾರೆ!

ಮೊದಲು ಪುಸ್ತಕ. ಒಂದು ಸಾಕು, ರಾಶಿ ಹಾಕ್ಬೇಡಿ. ನನ್ನ ಆಯ್ಕೆ ಯಾಂಗ್‌ಸೂಕ್ ಚೋಯ್ ಅವರ 'ದಿ ನೇಮ್ ಜಾರ್', 2001ರದ್ದು. ಕೊರಿಯಾದಿಂದ ಅಮೆರಿಕಕ್ಕೆ ಬಂದ ಉನ್‌ಹೇ ಅನ್ನುವ ಹುಡುಗಿಯ ಹೆಸರನ್ನು ಸ್ಕೂಲ್ ಬಸ್ಸಲ್ಲಿ ಮಕ್ಕಳು ತಿರುಚಿ ಆಡ್ಕೊಳ್ತಾರೆ, ಕ್ಲಾಸಲ್ಲಿ ಹೆಸರು ಕೇಳಿದ್ರೆ ಅವಳು 'ಇನ್ನೂ ಆರಿಸಿಲ್ಲ, ಮುಂದಿನ ವಾರ ಹೇಳ್ತೇನೆ' ಅಂತಾಳೆ, ಮಕ್ಕಳು ಒಂದು ಜಾರಲ್ಲಿ ಹೆಸರಿನ ಚೀಟಿ ಹಾಕಿ ಕೊಡ್ತಾರೆ, ಕೊನೆಗೆ ಅವಳು ತನ್ನ ಹೆಸರನ್ನೇ ಉಳಿಸಿಕೊಳ್ತಾಳೆ. ಶಾನ್ ಟಾನ್ ಅವರ 'ದಿ ಅರೈವಲ್' (2006) ಮಾತೇ ಇಲ್ಲದ ಚಂದದ ಪುಸ್ತಕ, ಆದ್ರೆ ಸಣ್ಣ ಸಣ್ಣ ಚಿತ್ರ, ಒಂದು ದಿನದ ಟ್ರೈನಿಂಗಲ್ಲಿ ಅದಕ್ಕೆ ಕೈ ಹಾಕ್ಬೇಡಿ. ದುಡ್ಡಿಲ್ವಾ, ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಪುಸ್ತಕ ಫ್ರೀ ಉಂಟು, ಹುಡುಕಿ ತೆಗೀರಿ. ಬ್ಲಾಕ್ ಅಂಡ್ ವೈಟ್ ಜೆರಾಕ್ಸ್ ಮಾತ್ರ ಬೇಡ, ಮುಖ ಎಲ್ಲ ಮಸಿ ಆಗ್ತದೆ.

ಪುಸ್ತಕ ತೆಗೆಯುವ ಮೊದಲು ಒಡಿಯಾ ಲಿಪಿಯ ಒಂದು ಹಾಳೆ ಹಂಚಿ, 'ಐದು ನಿಮಿಷದಲ್ಲಿ ಉತ್ತರ ಬರೀರಿ' ಅಂತ ಗಂಭೀರವಾಗಿ ಹೇಳಿ. ನಗ್ತಾರೆ, ಆಮೇಲೆ ಪಕ್ಕದವರದ್ದು ನೋಡ್ತಾರೆ, ಆಮೇಲೆ ಪೆನ್ನು ಕೆಳಗಿಡ್ತಾರೆ. ಭಾಷೆ ಬಾರದ ಮಗುವಿನ ಪಾಡು ಅವರಿಗೇ ಗೊತ್ತಾಗ್ತದೆ, ವಿವರಿಸ್ಲಿಕ್ಕೆ ಹೋಗ್ಬೇಡಿ.

ಈಗ ಓದುದು, ಎಡವುದು ಇಲ್ಲೇ. ಬಸ್ಸಿನ ಪುಟ ಬಂದಾಗ ನಿಲ್ಲಿಸಿ, ಬಾಯಿ ಮುಚ್ಚಿ, ಮನಸ್ಸಲ್ಲೇ ಹತ್ತು ಎಣಿಸಿ. ಟ್ರೈನರ್‌ಗಳಿಗೆ ಮೌನ ಅಂದ್ರೆ ಕರೆಂಟ್ ಹೋದ ಹಾಗೆ, ನಾಲ್ಕಕ್ಕೇ ಬಾಯಿ ತೆರೀತಾರೆ. 'ಅವಳಿಗೆ ಹೇಗನಿಸ್ತು?' ಅಂತ ಕೇಳ್ಬೇಡಿ, 'ಬೇಜಾರು' ಅಂತ ಒಂದೇ ಉತ್ತರ ಬರುದು. 'ಅವಳ ಕಣ್ಣು ಎತ್ತ ನೋಡ್ತಾ ಉಂಟು? ಹಿಂದಿನ ಪುಟಕ್ಕೂ ಇದಕ್ಕೂ ಮುಖ ಎಂತ ಬದಲಾಯ್ತು?' ಅಂತ ಚಿತ್ರದ ಮೇಲೆ ಬೆರಳಿಟ್ಟು ಕೇಳಿ. ಬಂದ ಮಾತನ್ನೆಲ್ಲ ಬೋರ್ಡಲ್ಲಿ ಬರೀರಿ, ಮುಜುಗರ, ಕಸಿವಿಸಿ, ತುಳುವಿನ ಪೋಡಿಗೆ (ಹೆದರಿಕೆ), ಮಲಯಾಳದ ಸಂಕಟಂ, ಯಾವ ಭಾಷೆಯಲ್ಲಾದ್ರೂ. ಸಪ್ತಭಾಷೆಯ ಊರಲ್ಲಿ ಕೂತು ಸ್ಟೇಷನರಿಯಲ್ಲಿ ಸಿಗುವ ಆ ಹಳದಿ ಸ್ಮೈಲಿ ಚಾರ್ಟ್ ಎಂತಕ್ಕೆ ಮಾರಾಯ್ರೆ? ಹ್ಯಾಪಿ, ಸ್ಯಾಡ್, ಆಂಗ್ರಿ, ಅಷ್ಟೇ ಅದರಲ್ಲಿ.

ಆಮೇಲೆ ನಮ್ಮ ಹೆಸರಿನ ಕತೆಗೆ ಬನ್ನಿ. ಮಂಜೇಶ್ವರವನ್ನು ಮಲಯಾಳದ ಹಾಗೆ ಮಂಜೇಶ್ವರಂ ಅಂತ ಬೋರ್ಡ್ ಬರೆದ್ರೆ ನಮಗೆ ಮೈ ಉರೀತದೆ, ಅಲ್ವಾ? ಒಬ್ರು ಟೀಚರ್, ರೇಷನ್ ಕಾರ್ಡಲ್ಲಿ ಅಪ್ಪ ನಾರಾಯಣ ಹೋಗಿ ನಾರಾಯಣನ್ ಆದದ್ದನ್ನು ಎಷ್ಟೋ ವರ್ಷದ ಮೇಲೂ ಸಿಟ್ಟಲ್ಲೇ ಹೇಳಿದ್ರು, ಒಂದು 'ನ್' ಅಷ್ಟೇ. ಹೀಗೆ ನಾಲ್ಕೈದು ಜನ ಹೇಳಿದ ಮೇಲೆ ಮೆಲ್ಲ ಕೇಳಿ, 'ನಿಮ್ಮ ಕ್ಲಾಸಿನ 'ಬಂಗಾಳಿ'ಯ ಹೆಸರು ಎಂತ?' ನಾನು ಕೇಳಿದಾಗ ಇಬ್ರಿಗೆ ಗೊತ್ತಿರ್ಲಿಲ್ಲ. ಇಲ್ಲಿ ಉಪದೇಶ ಶುರು ಮಾಡಿದ್ರೆ ಅಷ್ಟೂ ಹೊತ್ತಿನ ಕೆಲಸ ನೀರಲ್ಲಿ ಹೋಮ.

ಕ್ಲಾಸಲ್ಲಿ ಮಾಡ್ಬಾರದ್ದು ಎರಡುಂಟು, ಅದನ್ನು ಖಡಾಖಂಡಿತ ಹೇಳಿಬಿಡಿ. ವಲಸೆ ಬಂದ ಮಗುವನ್ನು ಎದ್ದು ನಿಲ್ಲಿಸಿ 'ನಿನಗೆ ಹೇಗಾಯ್ತು ಹೇಳು' ಅನ್ಬಾರ್ದು, ಪ್ರಶ್ನೆ ಉನ್‌ಹೇ ಬಗ್ಗೆ ಮಾತ್ರ, ಮಗು ತಾನಾಗಿ ಹೇಳಿದ್ರೆ ಕೇಳಿ. ಅಪ್ಪ ದುಬೈಯಲ್ಲಿರುವ ಮಕ್ಕಳಿಗೂ ಇದೇ ರೂಲ್, ವಲಸೆ ಅವರ ಮನೆಯಲ್ಲೂ ಉಂಟು. ಎರಡನೇದು, ಆ ಜಾರ್ ಆಟ. ಒಂದು ಕಡೆ ಉಪ್ಪಿನಕಾಯಿ ಬಾಟ್ಲಿ ತಂದು ಇಡೀ ಕ್ಲಾಸಿನವರಿಂದ ಒಡಿಯಾ ಹುಡುಗನಿಗೆ 'ಒಳ್ಳೆ ಕನ್ನಡ ಹೆಸರು' ಬರೆಸಿ ಹಾಕ್ಸಿದ್ರು, ಫೋಟೋ ಗ್ರೂಪಿಗೂ ಬಂತು. ಕತೆಯನ್ನು ತಲೆಕೆಳಗು ಮಾಡುದು ಅಂದ್ರೆ ಇದು.

ಐದು ಪಾಯಿಂಟಿನ ಪಿಪಿಟಿ ಊಟದ ಮೇಲೆ, ಹತ್ತು ನಿಮಿಷ. ಫೀಡ್‌ಬ್ಯಾಕ್ ಫಾರಂ ಕೊಟ್ರೂ ಸರಿ ಬಿಟ್ರೂ ಸರಿ.

ಕೊನೆಗೆ ಹೋಮ್‌ವರ್ಕ್. ಹೊರಗಿನಿಂದ ಬಂದ ಮಗುವಿನ ಹೆಸರನ್ನು ಮಗುವಿನ ಬಾಯಲ್ಲೇ ಹೇಳಿಸಿ, ಕೇಳಿದ ಹಾಗೇ ಕನ್ನಡದಲ್ಲಿ ಬರ್ಕೊಂಡು, ತಾನು ಹೇಳಿ ತೋರಿಸಿ, ತಪ್ಪಿದ್ರೆ ಮಗುವಿನಿಂದಲೇ ತಿದ್ದಿಸಿಕೊಳ್ಬೇಕು. ಹತ್ತಿರದ ಶಾಲೆಗಳ ಟೀಚರ್‌ಗಳು ಸೇರುವ ಮುಂದಿನ ಕ್ಲಸ್ಟರ್ ಮೀಟಿಂಗಲ್ಲಿ ಆ ಹೆಸರನ್ನು ನೋಡದೆ ಹೇಳ್ಲಿ, ಚಾ ಆಮೇಲೆ.